ಹಳೆಯ ಟ್ರ್ಯಾಕ್ಟರ್‌ಗಳ ಹೆಡ್‌ಲೈಟ್: ದುರಸ್ತಿ ಮತ್ತು ಸುಧಾರಣೆ

ವಿಜಯಪುರ ಜಿಲ್ಲೆಯಲ್ಲಿ ಕಬ್ಬು ಕಟಾವಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ರಾತ್ರಿಯೂ ಸಂಚರಿಸುತ್ತವೆ. ಆದ್ದರಿಂದ ಇಂಗಳೇಶ್ವರ ಭಾಗದ ರೈತರು ಹೆಡ್‌ಲೈಟ್ ಮಂದವಾದಲ್ಲಿ ಬಲ್ಬ್ ಬದಲಿಸುವ ಮೊದಲು ತಂತಿಗಳನ್ನು ಪರೀಕ್ಷಿಸಬೇಕು.

ಪರೀಕ್ಷೆ: ದೀಪ ಉರಿಯುತ್ತಿರುವಾಗ ಬ್ಯಾಟರಿ ಹಾಗೂ ಬಲ್ಬ್‌ನ ತುದಿಗಳಲ್ಲಿ ಮಲ್ಟಿಮೀಟರ್‌ನಿಂದ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ 1 ವೋಲ್ಟ್‌ಗಿಂತ ಹೆಚ್ಚಿದ್ದರೆ ದೋಷವು ತಂತಿ, ಸ್ವಿಚ್ ಅಥವಾ ಅರ್ಥಿಂಗ್‌ನಲ್ಲಿರುತ್ತದೆ.

ದುರಸ್ತಿ: ಬ್ಯಾಟರಿ ಸಂಪರ್ಕ ಕಳಚಿ, ಅರ್ಥಿಂಗ್ ಜಾಗದ ತುಕ್ಕು ಮತ್ತು ಬಣ್ಣವನ್ನು ಉಜ್ಜಿ ತೆಗೆದು, ಬೋಲ್ಟ್ ಬಿಗಿಗೊಳಿಸಿ.

ಸುಧಾರಣೆ: 12 ವೋಲ್ಟ್‌ನಲ್ಲಿ 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಬಲ್ಬ್‌ಗಳಿಗೆ 9 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಬೇಕು. ಹಳೆಯ ಸ್ವಿಚ್ ಕಾಯ್ದು ಸುಡದಂತೆ ರಿಲೇ ಅಳವಡಿಸಿ. ಬ್ಯಾಟರಿಯ ಸಮೀಪ 15 ಆಂಪಿಯರ್ ಫ್ಯೂಸ್, ಅದಕ್ಕೆ ತಕ್ಕ ದಪ್ಪದ ತಂತಿ ಇರಲಿ. ಎಲ್‌ಇಡಿ ದೀಪವಾದರೆ ಧನ-ಋಣ ತುದಿಗಳನ್ನು ಖಚಿತಪಡಿಸಿಕೊಳ್ಳಿ.

ಎಚ್ಚರಿಕೆ: ಎದುರಿನ ಸವಾರರ ಕಣ್ಣು ಕೋರೈಸದಂತೆ ಬೆಳಕನ್ನು ಕೆಳಮುಖವಾಗಿ ಹೊಂದಿಸಿ. ಹೆಡ್‌ಲೈಟ್ ಹಿಂದಿನಿಂದ ಬರುವವರಿಗೆ ಕಾಣದು. ಟ್ರೇಲರ್‌ನ ಹಿಂಬದಿಗೆ ಕೆಂಪು ಪ್ರತಿಫಲಕಗಳನ್ನು ತಪ್ಪದೇ ಅಂಟಿಸಿ.