ರಗಳೆ ಮಾಡಬೇಡ

ಪಕ್ಕದ ಮನೆಯ ಅಜ್ಜಿ ದಿನಾ ಮಧ್ಯಾಹ್ನ ಜಗಲಿಯ ಮೇಲೆ ಕೂತು ಮೊಮ್ಮಗನಿಗೆ ಅನ್ನ ಕಲಸಿ ತಿನ್ನಿಸುತ್ತಾರೆ. ಅವನಿಗೆ ಮೂರು ವರ್ಷ. ಒಂದು ತುತ್ತು ಬಾಯಿಗೆ ಹೋದರೆ ಇನ್ನೊಂದು ನೆಲಕ್ಕೆ. ಒಲಿಸಿಕೊಳ್ಳಲು ಅಜ್ಜಿ ಅಲ್ಲಿಂದಲ್ಲಿಗೇ ಪದ ಕಟ್ಟುತ್ತಾರೆ. ಮೊನ್ನೆ ನನ್ನ ಕಿವಿಗೆ ಬಿದ್ದದ್ದು ಇದು: ‘ಬಾರೊ ಕಂದ ಊಟ ಮಾಡು, ಹಾರಿ ಬಂದ ಕಾಗೆ ನೋಡು.’

ಬೆರಳು ತಾನಾಗಿಯೇ ಮಾತ್ರೆ ಎಣಿಸತೊಡಗಿತು. ಬಾರೊ, ಮೂರು. ಕಂದ, ಮೂರು. ಊಟ, ಮೂರು. ಮಾಡು, ಮೂರು. ಎರಡನೆಯ ಸಾಲೂ ಹಾಗೆಯೇ. ಮೂರು ಮಾತ್ರೆಯ ನಾಲ್ಕು ಗಣ, ಸಾಲಿಗೆ 12 ಮಾತ್ರೆ. ‘ಬಾರೊ’ ಎಂಬಲ್ಲಿನ ರಕಾರಕ್ಕೆ ‘ಹಾರಿ’ಯ ರಕಾರ ಸರಿಯಾಗಿ ಆದಿಪ್ರಾಸವಾಗಿ ಕೂತಿದೆ. ಕೊನೆಯಲ್ಲಿ ಮಾಡು, ನೋಡು ಎಂಬ ಅಂತ್ಯಪ್ರಾಸ ಬೇರೆ. ಛಂದಸ್ಸಿನ ಪುಸ್ತಕದಲ್ಲಿ ಇದರ ಹೆಸರು ಉತ್ಸಾಹ ರಗಳೆ. ಶಾಲೆಯಲ್ಲಿ ನಾವು ಲಘು ಗುರು ಹಾಕಿ, ಗೆರೆ ಎಳೆದು, ಎರಡು ಅಂಕಕ್ಕಾಗಿ ಬಿಡಿಸಿದ್ದು ಇದನ್ನೇ.

ಐದನೆಯ ತುತ್ತಿಗೆ ಹುಡುಗ ಬಾಯಿ ಬಿಗಿದುಕೊಂಡ. ಅಜ್ಜಿಗೆ ಸಾಕಾಯಿತು. ‘ಎಷ್ಟು ರಗಳೆ ಮಾಡ್ತೀಯೋ ಮಾರಾಯ!’

ರಗಳೆ ಕಟ್ಟಿದ್ದು ಅಜ್ಜಿ. ರಗಳೆ ಮಾಡಿದ ಎನ್ನಿಸಿಕೊಂಡದ್ದು ಹುಡುಗ. ಅಂದಿನಿಂದ ಈ ಮಾತು ನನ್ನ ತಲೆಯಲ್ಲೇ ಸುತ್ತುತ್ತಿದೆ.

ನಮ್ಮ ಕಡೆ ಈ ಮಾತಿಲ್ಲದೆ ದಿನ ಕಳೆಯುವುದಿಲ್ಲ. ಆ ಜಾಗದ್ದು ಏನೋ ರಗಳೆ ಇದೆಯಂತೆ, ಅಡ್ವಾನ್ಸ್ ಕೊಡಬೇಡ. ಗಾಡಿ ಬೆಳಿಗ್ಗೆಯಿಂದ ರಗಳೆ ಕೊಡ್ತಿದೆ. ರಾತ್ರಿಯೆಲ್ಲ ಹೊಟ್ಟೆಯದ್ದು ರಗಳೆ. ರಗಳೆಗಿಗಳೆ ಇಲ್ಲದೆ ಮದುವೆ ಮುಗೀತಲ್ಲ, ಅಷ್ಟು ಸಾಕು. ಜಗಳಕ್ಕಿಂತ ಇದು ಮೆತ್ತಗಿನ ಮಾತು. ತೊಂದರೆಗಿಂತ ಸ್ವಲ್ಪ ಉದ್ದನೆಯದು. ಜಗಳ ಒಂದು ಏಟಿಗೆ ಮುಗಿಯಬಹುದು, ರಗಳೆ ಮುಗಿಯುವುದಿಲ್ಲ. ಮುಗಿಯಿತು ಅಂದುಕೊಂಡಾಗ ಇನ್ನೊಂದು ಸಾಲು ಬಂದು ಸೇರಿಕೊಳ್ಳುತ್ತದೆ.

ಉದ್ದ ಮಾತಿನ ಬೇಸರಕ್ಕೆ ನಾವು ಸಾಹಿತ್ಯದಿಂದಲೇ ಪದ ತರುತ್ತೇವೆ. ನಿನ್ನ ಪುರಾಣ ಸಾಕು, ಹರಿಕಥೆ ಹೇಳಬೇಡ, ಅವರ ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿಹೋಯ್ತು ಎನ್ನುತ್ತೇವೆ. ಆದರೆ ರಾಮಾಯಣ ಎಂದರೆ ವಾಲ್ಮೀಕಿಯದು ಎಂಬುದನ್ನು ಯಾರೂ ಮರೆತಿಲ್ಲ. ಪುರಾಣವನ್ನು ಓದಿಸುವವರು ಇಂದಿಗೂ ಇದ್ದಾರೆ. ರಗಳೆಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಅದರ ಹಳೆಯ ಅರ್ಥ ಪಠ್ಯಪುಸ್ತಕದ ಕೊನೆಯ ಪುಟಗಳಿಗೆ ಸರಿಯಿತು, ಹೊಸ ಅರ್ಥ ಊರೆಲ್ಲ ಓಡಾಡುತ್ತಿದೆ.

ಹಳೆಯ ಅರ್ಥ ಬಲು ಹಳೆಯದು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮ ತನ್ನ ‘ಛಂದೋಂಬುಧಿ’ಯಲ್ಲಿ ಇದನ್ನು ರಘಟಾಬಂಧ ಎಂದು ಕರೆದ. ಗಣಗಳು ಹಿಂದೆಮುಂದೆ ಆಗಬಹುದು, ಮಾತ್ರೆ ಸಮನಾಗಿರಬೇಕು, ತಾಳಕ್ಕೆ ಒಗ್ಗಬೇಕು ಎಂಬುದು ಅವನ ಲಕ್ಷಣದ ಸಾರ. ತಾಳದ ಮಾತು ಬಂದದ್ದು ನನಗೆ ಮುಖ್ಯ. ಕೈಯಲ್ಲಿ ಚಪ್ಪಾಳೆ, ಕಾಲಲ್ಲಿ ಹೆಜ್ಜೆ ಇದ್ದ ಜಾಗದಲ್ಲಿ ಹುಟ್ಟಿದ ಬಂಧ ಇದು. ಮೂರು ಮಾತ್ರೆಯ ನಡೆ ಉತ್ಸಾಹ, ನಾಲ್ಕರದು ಮಂದಾನಿಲ, ಐದರದು ಲಲಿತ. ‘ಹಾಲನು ಕುಡಿಯದೆ ಹಟವನು ಮಾಡುವೆ’ ಎಂದರೆ 16 ಮಾತ್ರೆಯ ಮಂದಾನಿಲ. ‘ಏನಾಯ್ತು ಯಾಕಿಷ್ಟು ಕೋಪವೋ ನಿನಗಿಂದು’ ಎಂದರೆ 20 ಮಾತ್ರೆಯ ಲಲಿತ. ಗಟ್ಟಿಯಾಗಿ ಹೇಳಿ ನೋಡಿ, ಉಸಿರು ತಾನೇ ಜಾಗ ಹುಡುಕಿಕೊಳ್ಳುತ್ತದೆ.

ಸಾಲುಗಳು ಎರಡೆರಡಾಗಿ ಪ್ರಾಸದಿಂದ ಜೋಡಿಯಾಗುತ್ತವೆ. ಆದರೆ ಎಷ್ಟು ಜೋಡಿಗೆ ನಿಲ್ಲಬೇಕು ಎಂಬ ಕಟ್ಟಳೆ ಇಲ್ಲ. ಕಂದಪದ್ಯ ನಾಲ್ಕು ಸಾಲಿಗೆ ಬಾಗಿಲು ಹಾಕಿಕೊಳ್ಳುತ್ತದೆ, ಷಟ್ಪದಿ ಆರಕ್ಕೆ. ರಗಳೆಗೆ ಬಾಗಿಲೇ ಇಲ್ಲ. ಹತ್ತು ಸಾಲೂ ರಗಳೆಯೇ, ನೂರು ಸಾಲೂ ರಗಳೆಯೇ. ಪದ್ಯದಿಂದ ಉಪದ್ರಕ್ಕೆ ಈ ಮಾತು ನಡೆದುಹೋದ ದಾರಿ ಇದೇ ಎಂದು ನಾನು ಓದಿಕೊಂಡಿದ್ದೇನೆ. ನಿಲ್ಲದಿರುವುದು ಅದರ ಹುಟ್ಟುಗುಣ.

941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನಿಗೂ ರಗಳೆ ಗೊತ್ತಿತ್ತು. ಆದರೆ ಚಂಪೂಕಾವ್ಯದ ದೊಡ್ಡ ಮನೆಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಮೂಲೆ. ವೃತ್ತ, ಕಂದ, ಗದ್ಯಗಳ ನಡುವೆ ಎಲ್ಲೋ ಒಂದು ಕಡೆ ವರ್ಣನೆಗೆ ಬಂದು ಹೋಗುತ್ತಿತ್ತು. ಅದನ್ನು ಮೂಲೆಯಿಂದ ಎಬ್ಬಿಸಿ ಹಜಾರಕ್ಕೆ ಕರೆತಂದವನು ಹಂಪೆಯ ಹರಿಹರ.

ಹರಿಹರ ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುತ್ತಿದ್ದನಂತೆ. ಆ ಕೆಲಸ ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ಉಳಿದ ಎಂದು ಐತಿಹ್ಯ ಹೇಳುತ್ತದೆ. ಅವನಿಗಿಂತ ಮೊದಲು ಕನ್ನಡ ಕಾವ್ಯದ ನಾಯಕರು ಎಂಥವರು? ತೀರ್ಥಂಕರರು, ಪುರಾಣದ ವೀರರು, ಆ ವೀರರ ಹೆಸರಿನಲ್ಲಿ ಕಾಣಿಸಿಕೊಳ್ಳುವ ಅರಸರು. ಹರಿಹರನ ರಗಳೆಗಳ ಹೆಸರು ಓದಿದರೆ ಊರಿನ ಕೇರಿಗಳನ್ನು ಸುತ್ತಿ ಬಂದಂತಾಗುತ್ತದೆ. ಕುಂಬಾರ ಗುಂಡಯ್ಯ, ಮಾದಾರ ಚೆನ್ನಯ್ಯ, ಮಹಾದೇವಿಯಕ್ಕ, ತಮಿಳುನಾಡಿನ ಪುರಾತನ ಶಿವಭಕ್ತರು. ನೂರಕ್ಕೂ ಹೆಚ್ಚು ರಗಳೆಗಳು ಅವನ ಹೆಸರಿನಲ್ಲಿವೆ. ಬಸವಣ್ಣನ ಬದುಕನ್ನು ಕಥೆಯಾಗಿ ಮೊದಲು ಹೇಳಿದ್ದೂ ರಗಳೆಯೇ.

ಗುಂಡಯ್ಯನ ಕಥೆಯನ್ನೇ ನೋಡಿ. ಭಲ್ಲುಕೆ ಎಂಬ ಊರು, ಇಂದಿನ ಭಾಲ್ಕಿ. ಅಲ್ಲಿ ಒಬ್ಬ ಕುಂಬಾರ. ಮಣ್ಣು ಹದ ಮಾಡುತ್ತಾನೆ, ತಿಗರಿ ತಿರುಗಿಸುತ್ತಾನೆ, ಮಡಕೆ ಮಾಡುತ್ತಾನೆ. ಅದೇ ಅವನ ಪೂಜೆ. ಆ ಮಡಕೆಯ ಮೇಲೆ ಕೈಯಿಂದ ತಾಳ ಹಾಕುತ್ತಾ ತನ್ನ ಪಾಡಿಗೆ ಕುಣಿಯುತ್ತಾನೆ. ಸದ್ದು ಶಿವನಿಗೆ ಕೇಳಿ, ಅವನು ಇಳಿದು ಬಂದು ಕುಂಬಾರನ ಮುಂದೆ ಕುಣಿಯತೊಡಗುತ್ತಾನೆ. ಈ ಕಥೆಗೆ ವೃತ್ತದ ಗಾಂಭೀರ್ಯ ಹೊಂದುತ್ತಿರಲಿಲ್ಲ. ವೃತ್ತ ತನ್ನ ನಾಲ್ಕು ಪಾದ ಮುಗಿಸಿ ನಿಂತುಬಿಡುತ್ತದೆ, ತಿಗರಿ ನಿಲ್ಲಬಾರದು. ಮಡಕೆಯ ತಾಳ ಹೇಗಿತ್ತೋ ಹಾಗೆ ಸಾಲು ಸಾಲಾಗಿ ನಡೆಯುವ ಬಂಧ ಬೇಕಿತ್ತು. ನಾಗವರ್ಮ ತಾಳಕ್ಕೆ ಒಗ್ಗಬೇಕು ಎಂದದ್ದು ಶಾಸ್ತ್ರ. ಗುಂಡಯ್ಯನ ಅಂಗಳದಲ್ಲಿ ಅದು ನಿಜವಾಯಿತು.

‘ಪುಷ್ಪರಗಳೆ’ಯಲ್ಲೂ ಹಾಗೆಯೇ. ಮುಂಜಾನೆ ಎದ್ದು ತೋಟಕ್ಕೆ ಹೋಗಿ ವಿರೂಪಾಕ್ಷನಿಗೆ ಹೂ ಬಿಡಿಸುವ ಕೆಲಸ. ಹೂ ಬಿಡಿಸಿದವರಿಗೆ ಗೊತ್ತು, ಒಂದು ಗಿಡ ಮುಗಿದರೆ ಪಕ್ಕದ ಗಿಡ ಕರೆಯುತ್ತದೆ, ಬುಟ್ಟಿ ತುಂಬಿದರೂ ಕೈ ನಿಲ್ಲುವುದಿಲ್ಲ. ಸಾಲು ಬೆಳೆಯುವ ರೀತಿಯೂ ಅದೇ.

ಹರಿಹರನ ಕೈಯಲ್ಲಿ ಮಾತಿನ ಅರ್ಥವೂ ಬೆಳೆಯಿತು. ಬಸವರಾಜದೇವರ ರಗಳೆ, ನಂಬಿಯಣ್ಣನ ರಗಳೆಯಂಥ ದೊಡ್ಡ ಕೃತಿಗಳಲ್ಲಿ ಒಂದು ಸ್ಥಲ ಪದ್ಯವಾದರೆ ಮುಂದಿನದು ಗದ್ಯ. ಆದರೂ ಇಡೀ ಕೃತಿಯ ಹೆಸರು ರಗಳೆಯೇ. ಬಂಧದ ಹೆಸರಾಗಿದ್ದದ್ದು ಒಬ್ಬ ಮನುಷ್ಯನ ಬಾಳಿನ ಕಥೆಯ ಹೆಸರಾಯಿತು. ಗುಂಡಯ್ಯನ ರಗಳೆ ಎಂದರೆ ಗುಂಡಯ್ಯನ ಬದುಕು.

ಪಂಡಿತರಿಗೆ ಇದು ಸೇರಲಿಲ್ಲವಂತೆ. ಇವನು ಬರೀ ರಗಳೆಯ ಕವಿ ಎಂದು ಆಡಿಕೊಂಡರಂತೆ. ಅದಕ್ಕೆ ಉತ್ತರವಾಗಿ ಹರಿಹರ ‘ಗಿರಿಜಾಕಲ್ಯಾಣ’ವೆಂಬ ಚಂಪೂ ಬರೆದು ತೋರಿಸಿದ ಎಂಬುದು ಬಾಯಿಂದ ಬಾಯಿಗೆ ಬಂದ ಕಥೆ. ಅವನ ಸೋದರಳಿಯ ರಾಘವಾಂಕ ‘ಹರಿಶ್ಚಂದ್ರಕಾವ್ಯ’ ಬರೆದಾಗ, ಮನುಷ್ಯನನ್ನು ಹೊಗಳಿದೆಯಲ್ಲ ಎಂದು ಸಿಟ್ಟಾಗಿ ಹೊಡೆದು ಹಲ್ಲು ಉದುರಿಸಿದ ಎಂಬ ಕಥೆಯೂ ಉಂಟು. ಈ ಕಥೆಗಳು ನಡೆದವೋ ಕಟ್ಟಿದವೋ, ‘ರಗಳೆಯ ಕವಿ’ ಎಂಬ ಬೈಗುಳವಂತೂ ನನ್ನನ್ನು ತಡೆದು ನಿಲ್ಲಿಸುತ್ತದೆ. ಅಜ್ಜಿ ಮೊಮ್ಮಗನಿಗೆ ಅಂದ ಮಾತಿನ ದನಿ ಅದರಲ್ಲಿ ಆಗಲೇ ಇದೆ.

ತೆಲುಗಿನಲ್ಲೂ ಇದೇ ಆಗಿದೆ. ಅಲ್ಲಿ ನಮ್ಮ ರಗಳೆಗೆ ರಗಡ ಎಂದು ಹೆಸರು. ಪಾಲ್ಕುರಿಕೆ ಸೋಮನಾಥ ಬಸವಣ್ಣನ ಮೇಲೆ ರಗಡ ಬರೆದಿದ್ದಾನೆ. ಇಂದು ತೆಲುಗು ಪತ್ರಿಕೆ ತೆಗೆದರೆ ಶಾಸನಸಭೆಯ ಗದ್ದಲಕ್ಕೂ ರಗಡ, ಟಿಕೆಟ್ ಹಂಚಿಕೆಯ ಕಿತ್ತಾಟಕ್ಕೂ ರಗಡ. ಎರಡು ಭಾಷೆಗಳಲ್ಲಿ ಒಂದೇ ಛಂದಸ್ಸಿನ ಹೆಸರು ಒಂದೇ ದಾರಿ ಹಿಡಿದು ಬೀದಿಗೆ ಬಂದಿದೆ.

ಬೀದಿಯಲ್ಲಿ ಹೀಗೆ ಹೆಸರು ಕೆಟ್ಟಿದ್ದರೂ ಕವಿಗಳು ಅದನ್ನು ಕೈಬಿಡಲಿಲ್ಲ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಆದಿಪ್ರಾಸವನ್ನು ಬಿಟ್ಟು ಬರೆದರು. ಆಮೇಲೆ ಹೊಸ ಕವಿಗಳು ಲಲಿತ ರಗಳೆಯ ಐದೈದು ಮಾತ್ರೆಯ ನಡೆಯನ್ನು ಉಳಿಸಿಕೊಂಡು ಪ್ರಾಸದ ಗಂಟು ಬಿಚ್ಚಿದರು. ವಾಕ್ಯ ಸಾಲಿನ ಕೊನೆಯಲ್ಲೇ ಮುಗಿಯಬೇಕೆಂಬ ನಿರ್ಬಂಧವೂ ಹೋಯಿತು. ಅದಕ್ಕೆ ಸರಳ ರಗಳೆ ಎಂದು ಹೆಸರಾಯಿತು. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಏಕಲವ್ಯ ಮಾತಾಡುವುದು ಇದರಲ್ಲೇ. 1949ರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಮಹಾಛಂದಸ್ಸು ಬೆಳೆದದ್ದೂ ಈ ಬೇರಿನಿಂದ. ನಮ್ಮ ಮೇಷ್ಟ್ರು ತರಗತಿಯಲ್ಲಿ ಸರಳ ರಗಳೆ ಎಂದಾಗ ಹುಡುಗರೆಲ್ಲ ನಕ್ಕರು. ಅವರು ಗದರಲಿಲ್ಲ. ನಗು ಇಳಿಯುವವರೆಗೆ ಕಾದು, ಬೆಂಚಿನ ಮೇಲೆ ಬೆರಳಿನಿಂದ ಐದೈದಾಗಿ ತಾಳ ಹಾಕಿಸಿದರು. ನಲವತ್ತು ಜನರ ಬೆರಳು ಒಟ್ಟಿಗೆ ಬಿದ್ದ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಇಷ್ಟೆಲ್ಲ ತಿರುವಿ ಹಾಕುವಾಗ ಒಂದು ಗಮನಿಸಿದೆ. ‘ನಾನು ರಗಳೆ ಮಾಡಿದೆ’ ಎಂದು ಹೇಳುವವರು ಸಿಗುವುದು ಅಪರೂಪ. ಅವನು ಮಾಡಿದ, ಅವಳು ಮಾಡಿದಳು, ನೀನು ಮಾಡಬೇಡ. ಈ ಮಾತು ಆಡುವವನ ಬಾಯಲ್ಲಿಲ್ಲ, ಕೇಳಲು ಮನಸ್ಸಿಲ್ಲದವನ ಬಾಯಲ್ಲಿದೆ. ಊಟ ಬೇಡವೆನ್ನುವ ಮಗು, ನಡುರಾತ್ರಿ ನೀರು ಕೇಳುವ ಹಾಸಿಗೆ ಹಿಡಿದ ಅತ್ತೆ, ಕೂಲಿ ಬಾಕಿ ಕೇಳಲು ಮೂರನೆಯ ಸಲ ಬಂದ ಆಳು, ಇವರದ್ದೆಲ್ಲ ರಗಳೆ. ದೊಡ್ಡವರು ಅಷ್ಟೇ ಉದ್ದ ಮಾತಾಡಿದರೆ ಅದಕ್ಕೆ ಭಾಷಣ ಎನ್ನುತ್ತೇವೆ.

ಹೋದ ಮಳೆಗಾಲದಲ್ಲಿ ಒಂದು ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ, ಪೆನ್ಶನ್ ನಿಂತು ನಾಲ್ಕು ತಿಂಗಳಾಗಿತ್ತು. ಯಂತ್ರಕ್ಕೆ ಹೆಬ್ಬೆಟ್ಟು ಹತ್ತುತ್ತಿರಲಿಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದ ಕೈ, ಬೆರಳಿನ ತುದಿ ಕಪ್ಪಾಗಿ, ಗೆರೆಯೆಲ್ಲ ಸವೆದು ನುಣುಪಾಗಿತ್ತು. ಅಜ್ಜಿ ಗಂಡ ತೀರಿಕೊಂಡ ವರ್ಷದಿಂದ ಹೇಳಲು ಶುರು ಮಾಡಿದರು. ಒಳಗಿನಿಂದ ಉತ್ತರ ಬಂತು: ‘ರಗಳೆ ಮಾಡ್ಬೇಡಿ ಅಜ್ಜಿ, ಮುಂದಿನವರು ಬನ್ನಿ.’

ಮುಂದಿನವನು ನಾನು. ನನ್ನ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದಾಗ ಅಜ್ಜಿ ಮೆಟ್ಟಿಲ ಮೇಲೆ ಕೊಡೆ ಬಿಚ್ಚುತ್ತಿದ್ದರು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಅವರು ಎತ್ತಿಕೊಂಡರು. ಗಂಡ ಮಾಡಿದ ಸಾಲ, ಮಗನ ಊರು, ಸೊಸೆಯ ಬಾಣಂತನ, ಅಡಿಕೆ ಸುಲಿದರೆ ಡಬ್ಬಕ್ಕೆ ಇಷ್ಟು ಎಂದು ಆಗ ಸಿಗುತ್ತಿದ್ದ ಕಾಸು. ಒಂದು ಮುಗಿದರೆ ಇನ್ನೊಂದು, ಎರಡು ಕೂಡಿದರೆ ಮೂರನೆಯದು. ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತು, ಗಾಜು ಸರಿಸಿ, ಬಸ್ಸು ಹೊರಡುವವರೆಗೂ ಹೇಳುತ್ತಲೇ ಇದ್ದರು.