ಗಣಿನಾಡಿನಲ್ಲಿ ಕೋರಂ

ಸಭೆಯ ತೀರ್ಮಾನ ಊರ್ಜಿತವಾಗಲು ಕನಿಷ್ಠ ಎಷ್ಟು ಸದಸ್ಯರು ಹಾಜರಿರಬೇಕೆಂಬ ನಿಯಮವೇ ಕೋರಂ. ಮತ ಎಣಿಸುವ ಮೊದಲು ತಲೆ ಎಣಿಸಬೇಕು. ಆ ಎಣಿಕೆಗೆ ಸಿಗುವವರು ಸದಸ್ಯರು ಮಾತ್ರ. ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಲ್ಲಿ ಗಣಿಗಿಳಿದು ದುಡಿದವರು ಕಂಪನಿಯ ಸಭೆಯ ಲೆಕ್ಕಕ್ಕೆ ಬರಲೇ ಇಲ್ಲ.

1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನೋಡಿಕೊಂಡ ಮೈಸೂರು, ಚಾಂಪಿಯನ್ ರೀಫ್ ಮೊದಲಾದ ಗಣಿಗಳ ಒಡೆತನ ಇಂಗ್ಲೆಂಡಿನ ಕಂಪನಿಗಳದು. ಅವುಗಳ ಸಭೆಯಲ್ಲಿ ಹಾಜರಿ ಷೇರುದಾರರದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. 1956ರ ಕಂಪನಿ ಕಾಯ್ದೆಯಂತೆ ಸಾಮಾನ್ಯ ಸಭೆಗೆ ಸಾರ್ವಜನಿಕ ಕಂಪನಿಯಲ್ಲಿ ಐವರು, ಖಾಸಗಿ ಕಂಪನಿಯಲ್ಲಿ ಇಬ್ಬರಿದ್ದರೆ ಸಾಕಿತ್ತು. ಅರ್ಧ ಗಂಟೆಯೊಳಗೆ ಅಷ್ಟೂ ಜನ ಸೇರದಿದ್ದರೆ ಸಭೆ ಮುಂದಿನ ವಾರದ ಅದೇ ದಿನಕ್ಕೆ ಹೋಗುತ್ತಿತ್ತು; ಆಗ ಬಂದವರೇ ಕೋರಂ. ಷೇರೆಲ್ಲ ಕೇಂದ್ರ ಸರ್ಕಾರದ್ದೇ ಆಗಿದ್ದ ಈ ಕಂಪನಿಯ ಸಭೆಗೆ ಸಾವಿರಾರು ಕಾರ್ಮಿಕರಲ್ಲಿ ಒಬ್ಬರೂ ಬೇಕಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಗಣಿಗರಿಗೆ ಮತದ ಬಲ ಬಂದದ್ದು ವಯಸ್ಕ ಮತಾಧಿಕಾರದಿಂದ. 1957ರಲ್ಲಿ ಅವರು ಕಮ್ಯುನಿಸ್ಟ್ ಪಕ್ಷದ ಎಂ.ಸಿ. ನರಸಿಂಹನ್ ಅವರನ್ನು ವಿಧಾನಸಭೆಗೆ ಕಳಿಸಿದರು. ಸಂವಿಧಾನದ 189ನೇ ವಿಧಿಯಂತೆ ಅಲ್ಲಿನ ಕೋರಂ ಹತ್ತು ಸದಸ್ಯರು ಅಥವಾ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅದು. ಇಂದಿನ 224 ಸ್ಥಾನಗಳಿಗೆ ಅದು 23. ಅಷ್ಟೇ ಜನರಿದ್ದ ದಿನ 12 ಮತಗಳಿಂದ ಇಡೀ ರಾಜ್ಯದ ಮಸೂದೆ ಅಂಗೀಕಾರವಾಗಬಹುದು. ಗಣಿನಾಡಿನ ಕೆ.ಜಿ.ಎಫ್., ಬಂಗಾರಪೇಟೆ ಕ್ಷೇತ್ರಗಳ ಶಾಸಕರಿಬ್ಬರೂ ಅಂದು ಗೈರಾಗಿದ್ದರೂ ತೀರ್ಮಾನ ನಿಲ್ಲದು.

ಇದೇ ಸೀಮೆಯ ಬೂದಿಕೋಟೆ, ಬೇತಮಂಗಲದಂಥ ಊರುಗಳ ಗ್ರಾಮಸಭೆಯಲ್ಲಿ ಮತದಾರರೆಲ್ಲರೂ ಸದಸ್ಯರು. 1993ರ ಪಂಚಾಯತ್ ರಾಜ್ ಕಾಯ್ದೆ ಇಲ್ಲಿ ಲೆಕ್ಕವನ್ನು ತಿರುವಿಹಾಕಿದೆ: ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ನಾಲ್ಕು ಸಾವಿರ ಮತದಾರರಿದ್ದರೂ ನೂರು ಮಂದಿ ಬಂದರೆ ಸಭೆ ನಡೆಯುತ್ತದೆ. ಕೂಲಿ ಬಿಟ್ಟು, ಬೆಂಗಳೂರಿನ ರೈಲು ತಪ್ಪಿಸಿಕೊಂಡು ಬರಬೇಕಾದವರ ಕಷ್ಟ ನೋಡಿದರೆ ಈ ಸಡಿಲಿಕೆ ನ್ಯಾಯವೇ. ಆದರೆ ಆ ನೂರು ಜನ ಯಾರು ಎಂಬುದು ತಲೆಯೆಣಿಕೆಯಷ್ಟೇ ಮುಖ್ಯ. ಅದಕ್ಕಾಗಿ ಬಂದವರಲ್ಲಿ ಸಾಧ್ಯವಾದ ಮಟ್ಟಿಗೆ ಶೇ. 30ರಷ್ಟು ಮಹಿಳೆಯರೂ, ಜನಸಂಖ್ಯೆಗೆ ತಕ್ಕಂತೆ ಪರಿಶಿಷ್ಟ ಜಾತಿ, ಪಂಗಡದವರೂ ಇರಬೇಕೆಂದು ಕಾಯ್ದೆ ಹೇಳುತ್ತದೆ.