ಉಂಡೆ ಕೊಬ್ಬರಿ ಯಾವ ಶೀರ್ಷಿಕೆಗೆ ಸೇರಬೇಕು? ಆಮದು ದಾಖಲೆ ಮತ್ತು ತೆಂಗು ಸೀಮೆಯ ರಕ್ಷಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿ ಬೆಲೆಯ ಚರ್ಚೆಯಲ್ಲಿ ಆಮದಿನ ಮಾತು ಬಂದರೆ ಎಲ್ಲರ ಗಮನ ಸೀಮಾಸುಂಕದ ದರದ ಮೇಲೆ ಹೋಗುತ್ತದೆ. ತೆಂಗಿನಕಾಯಿಗೂ ಕೊಬ್ಬರಿಗೂ ಮೂಲ ಸುಂಕ ಶೇ 70, ತೆಂಗಿನೆಣ್ಣೆಗೆ ಶೇ 100. ದರ ಇಷ್ಟಿದ್ದರೆ ನಮ್ಮ ಬೆಳೆಗಾರನಿಗೆ ರಕ್ಷಣೆ ಇದೆ, ಇಳಿಸಿದರೆ ರಕ್ಷಣೆ ಹೋಯಿತು ಎಂಬುದು ರೈತ ಸಂಘಟನೆಗಳ ಮನವಿಗಳಲ್ಲೂ ಕೃಷಿ ಅರ್ಥಶಾಸ್ತ್ರದ ಬರಹಗಳಲ್ಲೂ ಸಮಾನವಾಗಿ ಕಾಣುವ ನಿಲುವು. ಈ ಲೇಖನ ಆ ನಿಲುವನ್ನು ಒಪ್ಪುವುದಿಲ್ಲ. ಯಾವ ಸರಕಿಗೆ ಯಾವ ದರ, ಯಾವ ನಿರ್ಬಂಧ ಎಂಬುದು ತೀರ್ಮಾನವಾಗುವುದು ಆಮದುದಾರ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ, ಅದರಲ್ಲೂ ಸರಕಿನ ವಿವರಣೆ ಮತ್ತು ಎಂಟಂಕಿಯ ವರ್ಗೀಕರಣದ ಅಂಕಣಗಳಲ್ಲಿ. ಇದೇ ಸೀಮೆಯ ಹಂದನಕೆರೆ ಹೋಬಳಿಯ ತೋಟಗಾರ ತಯಾರಿಸುವ ಉಂಡೆ ಕೊಬ್ಬರಿಯ ವಿಷಯದಲ್ಲಿ ಈ ಎರಡು ಅಂಕಣಗಳ ನಡುವೆ ಒಂದು ಬಿರುಕಿದೆ. ಅದನ್ನು ತೋರಿಸುವುದೇ ಇಲ್ಲಿನ ಉದ್ದೇಶ.

ಒಪ್ಪಿತವಾದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2023ರಲ್ಲಿ 11,750 ರೂಪಾಯಿ, 2024ರಲ್ಲಿ 12,000, 2025ರಲ್ಲಿ 12,100. 2023ರಲ್ಲಿ ತಿಪಟೂರು ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಕೆಳಗೆ ಕುಸಿದು ರೈತರು ಬೀದಿಗಿಳಿದರು, ನ್ಯಾಫೆಡ್ ಖರೀದಿಗೆ ಮುಗಿಬಿದ್ದರು. 2025ರ ಮಧ್ಯಭಾಗಕ್ಕೆ ಅದೇ ಮಾರುಕಟ್ಟೆಯಲ್ಲಿ ಕ್ವಿಂಟಲ್ ದರ 25 ಸಾವಿರ ದಾಟಿತು. ಈ ಎರಡು ತುದಿಗಳ ನಡುವೆ ಶೇ 70ರ ದರ ಕದಲಲೇ ಇಲ್ಲ. ಇಳುವರಿ, ರೋಗ, ಮಳೆ, ಎಣ್ಣೆ ಗಿರಣಿಗಳ ಬೇಡಿಕೆ ಇವೇ ಬೆಲೆಯನ್ನು ಆಡಿಸಿದವು ಎಂಬುದರಲ್ಲಿ ಭಿನ್ನಮತವಿಲ್ಲ. ಇಷ್ಟರಿಂದಲೇ ಆಮದು ಅಪ್ರಸ್ತುತ ಎಂದು ಹೇಳಲಾಗದು. ಆದರೆ ಬೆಳೆಗಾರನ ರಕ್ಷಣೆಯನ್ನು ಅಳೆಯಲು ಕದಲದ ದರವೊಂದನ್ನೇ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ ಎಂಬುದು ಇದರಿಂದ ಸ್ಪಷ್ಟ.

ಬಂದರಿಗೆ ಬಂದ ಸರಕು ದೇಶದೊಳಗಿನ ಬಳಕೆಗೆ ಬಿಡುಗಡೆಯಾಗುವ ಕ್ರಮವನ್ನು ಇಲ್ಲಿ ಸ್ವಲ್ಪ ನೋಡಬೇಕು. 1962ರ ಸೀಮಾಸುಂಕ ಕಾಯಿದೆಯ 46ನೇ ಕಲಮಿನಡಿ ಆಮದುದಾರ ಬಿಲ್ ಆಫ್ ಎಂಟ್ರಿ ಸಲ್ಲಿಸುತ್ತಾನೆ. ಜೊತೆಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ಬೇಕಾದಲ್ಲಿ ಮೂಲದೇಶದ ಪ್ರಮಾಣಪತ್ರ, ಸಸ್ಯಜನ್ಯ ಸರಕಾದರೆ ಸಸ್ಯಾರೋಗ್ಯ ಪ್ರಮಾಣಪತ್ರ, ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿರಾಕ್ಷೇಪಣೆ. ಸುಂಕ ಪಾವತಿಯಾಗಿ, 47ನೇ ಕಲಮಿನಡಿ ಅಧಿಕಾರಿ ಅಪ್ಪಣೆ ಕೊಟ್ಟ ಮೇಲೆಯೇ ಸರಕು ಹೊರಗೆ ಬರುತ್ತದೆ. 2011ರಿಂದ ಸುಂಕದ ನಿರ್ಧರಣೆಯನ್ನು ಮೊದಲು ಮಾಡುವವನು ಅಧಿಕಾರಿಯಲ್ಲ, ಸ್ವತಃ ಆಮದುದಾರ. ಅಧಿಕಾರಿ ಅದನ್ನು ಪರಿಶೀಲಿಸುತ್ತಾನೆ, ಅದೂ ಅಪಾಯ ನಿರ್ವಹಣೆಯ ಗಣಕ ವ್ಯವಸ್ಥೆ ಆರಿಸಿ ಕೊಟ್ಟಾಗ. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಮುಖರಹಿತ ನಿರ್ಧರಣೆಯ ಮೊದಲ ಹಂತ ಶುರುವಾಯಿತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಇಡೀ ದೇಶಕ್ಕೆ ಹಬ್ಬಿತು. ಸರಕು ಒಂದು ಬಂದರಿನಲ್ಲಿದ್ದರೆ ಅದರ ದಾಖಲೆಯನ್ನು ಓದುವ ಅಧಿಕಾರಿ ಬೇರೊಂದು ಊರಿನಲ್ಲಿರುತ್ತಾನೆ. ಲಂಚ, ವಿಳಂಬಗಳನ್ನು ತಗ್ಗಿಸಲು ಇದು ಒಳ್ಳೆಯ ಸುಧಾರಣೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಿರ್ಧರಣೆ ಮಾಡುವವನು ಮೂಟೆ ಬಿಚ್ಚಿ ನೋಡದೆ ಹಾಳೆಯ ಮೇಲಿನ ವಿವರಣೆಯನ್ನೇ ನೆಚ್ಚಬೇಕಾದಾಗ, ವಿವರಣೆಯ ಪದಗಳಿಗೆ ಹಿಂದೆಂದಿಗಿಂತ ಹೆಚ್ಚು ತೂಕ ಬಂದಿದೆ.

ಈಗ ಮುಖ್ಯ ವಿವಾದಕ್ಕೆ ಬರುತ್ತೇನೆ. ಹಂದನಕೆರೆ ಸುತ್ತಿನ ತೋಟದ ಮನೆಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುತ್ತದೆ. ಆಗ ಕಾಯಿ ಸುಲಿದು, ಚಿಪ್ಪು ಒಡೆದು, ಇಡಿಯಾದ ಉಂಡೆಯನ್ನು ಹೊರತೆಗೆಯುತ್ತಾರೆ. ಕೌಟು ಬಂದದ್ದನ್ನೂ ಒಡೆದುಹೋದದ್ದನ್ನೂ ಬೇರೆ ಮಾಡಿ, ಉಳಿದದ್ದನ್ನು ಚೀಲಕ್ಕೆ ತುಂಬಿ ತಿಪಟೂರಿಗೆ ಸಾಗಿಸುತ್ತಾರೆ. ಈ ಉಂಡೆಯ ದೊಡ್ಡ ಪಾಲು ಉತ್ತರ ಭಾರತಕ್ಕೆ ಹೋಗಿ ಒಣಹಣ್ಣಿನಂತೆ, ಸಿಹಿತಿಂಡಿಗೆ, ಮದುವೆ ಮತ್ತು ಪೂಜೆಗಳಿಗೆ ಬಳಕೆಯಾಗುತ್ತದೆ. ಕೇರಳ, ತಮಿಳುನಾಡುಗಳಲ್ಲಿ ಕಾಯಿಯನ್ನು ಹೋಳು ಮಾಡಿ ಒಣಗಿಸಿ ಗಾಣಕ್ಕೆ ಕೊಡುವ ಕೊಬ್ಬರಿ ಬೇರೆ. ಬೆಂಬಲ ಬೆಲೆಯ ಪ್ರಕಟಣೆಯೂ ಇವೆರಡನ್ನು ಬೇರೆ ಬೇರೆಯಾಗಿಯೇ ಎಣಿಸುತ್ತದೆ: ಗಾಣದ ಕೊಬ್ಬರಿಗೆ 2024ರಲ್ಲಿ 11,160 ರೂಪಾಯಿ, ಉಂಡೆಗೆ 12,000.

ಸುಂಕಪಟ್ಟಿಯಲ್ಲಿ ಕೊಬ್ಬರಿಗೆ ಇರುವ ಶೀರ್ಷಿಕೆ 1203. ಹೀಗಾಗಿ ಕೊಬ್ಬರಿಯ ಆಮದನ್ನು ಅಳೆಯಬೇಕಾದರೆ 1203ನ್ನು ನೋಡಿದರೆ ಸಾಕು ಎಂಬುದು ರೂಢಿಯ ತಿಳಿವಳಿಕೆ. ನನ್ನ ಆಕ್ಷೇಪಣೆ ಇಲ್ಲಿದೆ. ಈ ಸುಂಕಪಟ್ಟಿ ನಿಂತಿರುವುದು ವಿಶ್ವ ಸೀಮಾಸುಂಕ ಸಂಘಟನೆಯ ಸಮನ್ವಿತ ಪದ್ಧತಿಯ ಮೇಲೆ. ಅದರ ವಿವರಣಾತ್ಮಕ ಟಿಪ್ಪಣಿಗಳ ಪ್ರಕಾರ 1203ರ ಕೊಬ್ಬರಿ ಎಂದರೆ ಎಣ್ಣೆ ತೆಗೆಯಲು ಬಳಸುವ, ಮನುಷ್ಯರು ತಿನ್ನಲು ತಕ್ಕುದಲ್ಲದ ಒಣ ತಿರುಳು. ಇನ್ನೊಂದು ಕಡೆ 0801ರ ಶೀರ್ಷಿಕೆ ತೆಂಗಿನಕಾಯಿಯನ್ನು ಹಸಿಯೋ ಒಣಗಿದ್ದೋ, ಚಿಪ್ಪು ತೆಗೆದದ್ದೋ ಇಲ್ಲವೋ ಎಂಬ ಭೇದವಿಲ್ಲದೆ ತನ್ನೊಳಗೆ ತೆಗೆದುಕೊಳ್ಳುತ್ತದೆ. ತಿಪಟೂರಿನ ಉಂಡೆ ಏನು? ಒಣಗಿದ, ಚಿಪ್ಪು ತೆಗೆದ, ತಿನ್ನುವ ತೆಂಗಿನ ತಿರುಳು. ಪಠ್ಯವನ್ನು ಇದ್ದಂತೆ ಓದಿದರೆ, ಅಂಥದೇ ಸರಕು ಹೊರದೇಶದಿಂದ ಬಂದಾಗ ಅದು 1203ರಲ್ಲಿ ಅಲ್ಲ, 0801ರಲ್ಲಿ ನಿಲ್ಲಬೇಕು.

ಈ ಮಾತಿಗೆ ಮಿತಿಗಳನ್ನೂ ಸ್ಪಷ್ಟಪಡಿಸಬೇಕು. ನಾನು ಹೇಳುತ್ತಿರುವುದು ತಿನ್ನಲು ಯೋಗ್ಯವಾಗಿದ್ದು, ಆ ಬಳಕೆಗೇ ಬರುವ ಇಡಿ ಉಂಡೆಯನ್ನು ಕುರಿತು ಮಾತ್ರ. ಹೊಗೆಯಲ್ಲಿ ಒಣಗಿಸಿದ ಹೋಳು, ಬೂಷ್ಟು ಹಿಡಿದ ಸರಕು, ಗಾಣಕ್ಕೆಂದೇ ತಂದದ್ದು ನಿಸ್ಸಂದೇಹವಾಗಿ 1203ಕ್ಕೆ ಸೇರುತ್ತವೆ. ಇವೆರಡರ ನಡುವೆ, ಬಿಸಿಲಲ್ಲಿ ಒಣಗಿದ ಒಳ್ಳೆಯ ಹೋಳು ಕೊಬ್ಬರಿ ಬರುತ್ತದೆ. ಅದನ್ನು ತಿನ್ನಲೂಬಹುದು, ಅರೆಯಲೂಬಹುದು. ಅಲ್ಲಿ ಪರೀಕ್ಷಾ ವರದಿ ಮತ್ತು ಬಳಕೆಯ ಉದ್ದೇಶವನ್ನು ನೋಡಿಯೇ ತೀರ್ಮಾನಿಸಬೇಕಾದೀತು. ಟಿಪ್ಪಣಿಗಳು ಶಾಸನವಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ 1995ರ ವುಡ್ ಕ್ರಾಫ್ಟ್ ಪ್ರಕರಣದಿಂದೀಚೆಗೆ ಸರ್ವೋಚ್ಚ ನ್ಯಾಯಾಲಯ ಅವನ್ನು ವರ್ಗೀಕರಣಕ್ಕೆ ನೆಚ್ಚಬಹುದಾದ ಆಧಾರವೆಂದೇ ಕಂಡಿದೆ.

ಇದಕ್ಕೆ ಎರಡು ಬಲವಾದ ಪ್ರತಿವಾದಗಳಿವೆ. ಮೊದಲನೆಯದು ಟಿಪ್ಪಣಿಯ ಒಳಗಿನಿಂದಲೇ ಹುಟ್ಟುವಂಥದು. 1203ರ ಟಿಪ್ಪಣಿ ಹೊರಗಿಡುವುದು ತುರಿದು ಒಣಗಿಸಿದ, ತಿನ್ನುವ ತೆಂಗನ್ನು. ಇಡಿ ಉಂಡೆಯನ್ನು ಅದು ಹೆಸರಿಸಿ ಹೊರಗಿಟ್ಟಿಲ್ಲ, ಆದ್ದರಿಂದ ಉಂಡೆ ಒಳಗೇ ಉಳಿಯುತ್ತದೆ ಎಂಬುದು ಆ ವಾದ. ಆದರೆ ಹೊರಗಿಡುವ ವಾಕ್ಯ ಒಳಗೊಳ್ಳುವ ವಾಕ್ಯಕ್ಕಿಂತ ದೊಡ್ಡದಾಗಲಾರದು. ತಿನ್ನಲು ತಕ್ಕುದಲ್ಲ ಎಂಬ ಲಕ್ಷಣದ ಮೇಲೆಯೇ 1203 ನಿಂತಿರುವಾಗ, ಆ ಲಕ್ಷಣವಿಲ್ಲದ ಸರಕನ್ನು ಹೊರಗಿಡಲು ಪ್ರತ್ಯೇಕ ವಾಕ್ಯ ಬೇಕಿಲ್ಲ. ಎರಡನೆಯದು ಮಾರುಕಟ್ಟೆಯ ವಾದ: ಬೆಳೆಗಾರ, ದಲ್ಲಾಳಿ, ಕೃಷಿ ಮಾರುಕಟ್ಟೆ ಸಮಿತಿ, ನ್ಯಾಫೆಡ್, ಕೇಂದ್ರ ಸರ್ಕಾರ ಎಲ್ಲರೂ ಕೊಬ್ಬರಿ ಎನ್ನುವಾಗ ಸುಂಕದ ಅಧಿಕಾರಿಗೆ ಮಾತ್ರ ಅದು ಬೇರೆಯಾಗುವುದು ಹೇಗೆ? ಜನಬಳಕೆಯ ಅರ್ಥಕ್ಕೆ ನಮ್ಮ ತೆರಿಗೆ ಕಾನೂನಿನಲ್ಲಿ ದೊಡ್ಡ ಪರಂಪರೆಯೇ ಇದೆ. ವೀಳ್ಯದೆಲೆ ತರಕಾರಿಯಲ್ಲ ಎಂದು 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು ಆ ಪರಂಪರೆಯ ಮೇಲೆಯೇ. ಆದರೆ ಅದು ಮಾರಾಟ ತೆರಿಗೆಯ ಪ್ರಕರಣ. ಅಲ್ಲಿ ಅಂತರರಾಷ್ಟ್ರೀಯ ವರ್ಗೀಕರಣದ ಪಠ್ಯವಿರಲಿಲ್ಲ. ಪಠ್ಯವಿದ್ದಲ್ಲಿ ಏನಾಗಬೇಕು ಎಂಬುದಕ್ಕೆ ತೆಂಗಿನ ಉತ್ಪನ್ನದಲ್ಲೇ ಇತ್ತೀಚಿನ ನಿದರ್ಶನ ಸಿಗುತ್ತದೆ. ಸಣ್ಣ ಪೊಟ್ಟಣದ ತೆಂಗಿನೆಣ್ಣೆ 1513ರ ಖಾದ್ಯ ತೈಲವೋ 3305ರ ಕೇಶತೈಲವೋ ಎಂಬ ವ್ಯಾಜ್ಯದಲ್ಲಿ 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಡೆದ ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರ್ 18ರಂದು ಮೂವರ ಪೀಠ ಅದು ಖಾದ್ಯ ತೈಲವೇ ಎಂದು ತೀರ್ಮಾನಿಸಿತು. ಸುಂಕಪಟ್ಟಿ ಸಮನ್ವಿತ ಪದ್ಧತಿಗೆ ಹೊಂದಿಕೊಂಡಿರುವಲ್ಲಿ ಜನಬಳಕೆಯ ಒರೆಗಲ್ಲಿಗೆ ಮೊದಲ ಸ್ಥಾನವಿಲ್ಲ ಎಂಬುದು ಅದರ ತರ್ಕ. ಅದೇ ತರ್ಕವನ್ನು ಉಂಡೆಗೆ ಅನ್ವಯಿಸಿದರೆ ಮಾರುಕಟ್ಟೆಯ ವಾದ ನಿಲ್ಲುವುದಿಲ್ಲ.

ಎರಡೂ ಶೀರ್ಷಿಕೆಗಳಲ್ಲಿ ದರ ಶೇ 70ಯೇ ಆಗಿರುವಾಗ ಇಷ್ಟೆಲ್ಲ ವಾದದಿಂದ ಆಗುವುದೇನು ಎಂದು ಕೇಳಬಹುದು. ನನ್ನ ವಾದಕ್ಕೆ ಬಲ ಬರುವುದೇ ಇಲ್ಲಿಂದ. ದರ ಒಂದೇ ಆದರೂ ನಿರ್ಬಂಧಗಳು ಒಂದೇ ಅಲ್ಲ. ಅವು ಸರಕಿಗೆ ಅಂಟಿಕೊಳ್ಳದೆ ಅಂಕಿಗೆ ಅಂಟಿಕೊಳ್ಳುತ್ತವೆ. ತುರಿದು ಒಣಗಿಸಿದ ತೆಂಗಿಗೆ, ಅಂದರೆ 0801 11 00ಕ್ಕೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕಿಲೋಗೆ 150 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಗಳಿಗೆ ಅದರಿಂದ ಉಪಕಾರವಾಯಿತು. ಅದೇ ತೆಂಗನ್ನು ತುರಿಯದೆ ಇಡಿಯಾಗಿ ಅಥವಾ ಹೋಳಾಗಿ ತಂದು ಇಲ್ಲಿ ಪುಡಿ ಮಾಡಿದರೆ ಆ ಅಧಿಸೂಚನೆಯ ಪಠ್ಯ ಅದನ್ನು ಮುಟ್ಟುವುದಿಲ್ಲ. ಕೊಬ್ಬರಿ ಮತ್ತು ತೆಂಗಿನೆಣ್ಣೆಗಳನ್ನು ಸರ್ಕಾರಿ ವ್ಯಾಪಾರ ಸಂಸ್ಥೆಯ ಮೂಲಕವೇ ತರಬೇಕೆಂಬ ಹಳೆಯ ಕಟ್ಟುಪಾಡು ಕೂಡ ಶೀರ್ಷಿಕೆಗಳ ಮೇಲೆಯೇ ಹೊಸೆದದ್ದು. ಅಂಕಿಅಂಶದ ಮಾತೂ ಹೀಗೆಯೇ: 1203ರ ಸಾಲನ್ನಷ್ಟೇ ಓದಿ ನಮ್ಮ ಉಂಡೆಗೆ ಹೊರಗಿನ ಪೈಪೋಟಿ ಇದೆಯೋ ಇಲ್ಲವೋ ಎಂದು ನಿರ್ಣಯಿಸುವವರು ಗಾಣದ ಕೊಬ್ಬರಿಯ ಲೆಕ್ಕವನ್ನು ತಿನ್ನುವ ಕೊಬ್ಬರಿಯ ಲೆಕ್ಕವೆಂದು ತಿಳಿಯುತ್ತಿದ್ದಾರೆ.

ಇದೆಲ್ಲ ಊಹೆ, ಅಟ್ಟದಲ್ಲಿ ತಿಂಗಳುಗಟ್ಟಲೆ ಕಾಯುವ ಉಂಡೆಯನ್ನು ಬೇರಾರೂ ದೊಡ್ಡ ಪ್ರಮಾಣದಲ್ಲಿ ಮಾಡುವುದಿಲ್ಲ ಎಂಬ ಆಕ್ಷೇಪಣೆಗೆ ಅದೇ ತೋಟದ ಇನ್ನೊಂದು ಬೆಳೆ ಉತ್ತರ ಕೊಡುತ್ತದೆ. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಗುಬ್ಬಿ ಕಡೆ ತೆಂಗಿನ ನಡುವೆಯೇ ಅಡಿಕೆ ನಿಂತಿದೆ. ಅಡಿಕೆಯ ಮೂಲ ಸುಂಕ ಶೇ 100. ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರುವರಿಯಲ್ಲಿ 351 ಆಯಿತು. ದರದ ಲೆಕ್ಕದಲ್ಲಿ ಇದಕ್ಕಿಂತ ಎತ್ತರದ ಗೋಡೆ ಬೇಕಿಲ್ಲ. ಆದರೂ ಅಡಿಕೆ ಒಳಗೆ ಬಂತು, ಬೇರೆ ವಿವರಣೆಗಳ ಹೆಸರಿನಲ್ಲಿ. ಮೊದಲು ಸುಪಾರಿ ಎಂಬ ವಿವರಣೆಯಲ್ಲಿ 2106ಕ್ಕೆ ಸೇರಿಸುವ ಪ್ರಯತ್ನ ನಡೆಯಿತು. ಬಳಿಕ ಹುರಿದ ಅಡಿಕೆ ಎಂದು 2008 19 20ಕ್ಕೆ. ಮುಂಗಡ ನಿರ್ಣಯ ಪ್ರಾಧಿಕಾರ ಹುರಿದ ಅಡಿಕೆಯ ವಾದವನ್ನು ಒಪ್ಪಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹುರಿದ ಅಡಿಕೆಗೂ 351 ರೂಪಾಯಿಯ ಕಟ್ಟನ್ನು ವಿಸ್ತರಿಸುವ ಅಧಿಸೂಚನೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟೂ ಕಾಲ ಶೇ 100ರ ದರ ಪಟ್ಟಿಯಲ್ಲಿ ಭದ್ರವಾಗಿಯೇ ಇತ್ತು, ಸರಕು ಅದರ ಕೆಳಗಿನಿಂದ ಜಾರಿಹೋಗಿತ್ತು. ಆ ಆಮದುದಾರರು ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಪಠ್ಯದಲ್ಲಿದ್ದ ಅವಕಾಶವನ್ನು ನ್ಯಾಯಾಲಯದ ಮುಂದೆಯೇ ಗೆದ್ದುಕೊಂಡರು. ಬೆಳೆಗಾರನ ಪರವಾಗಿ ಆ ಪಠ್ಯವನ್ನು ಮುಂಚೆಯೇ ಓದಿದವರಿರಲಿಲ್ಲ ಎಂಬುದು ನೋವಿನ ಸಂಗತಿ.

ದರದ ಪರವಾದ ವಾದಕ್ಕೆ ಸಲ್ಲಬೇಕಾದ ಒಂದು ಅಂಶವಿದೆ, ಅದು ತಾಳೆ ಎಣ್ಣೆ. 2024ರ ಸೆಪ್ಟೆಂಬರ್ 14ರಂದು ಕಚ್ಚಾ ತಾಳೆ ಎಣ್ಣೆಯ ಒಟ್ಟು ಸುಂಕ ಶೇ 5.5ರಿಂದ 27.5ಕ್ಕೆ ಏರಿತು, 2025ರ ಮೇ ಕೊನೆಗೆ ಶೇ 16.5ಕ್ಕೆ ಇಳಿಯಿತು. ಅದರ ವರ್ಗೀಕರಣದಲ್ಲಿ ಗೊಂದಲವಿಲ್ಲ. ಅಲ್ಲಿ ದರವೇ ನಿರ್ಣಾಯಕ. ತಾಳೆ ಎಣ್ಣೆ ತುಟ್ಟಿಯಾಗಿ ಅದರ ಬದಲಿಗೆ ತೆಂಗಿನೆಣ್ಣೆಗೆ ಬೇಡಿಕೆ ಏರಿದಾಗ ಉಂಡೆಯೂ ಗಾಣದ ಕಡೆಗೆ ಹರಿಯುವುದರಿಂದ ಹಂದನಕೆರೆಯ ಅಟ್ಟಕ್ಕೂ ಆ ದರದ ಬಿಸಿ ತಟ್ಟುತ್ತದೆ. ಹಾಗಾಗಿ ದರ ಮುಖ್ಯವೇ ಅಲ್ಲ ಎಂಬುದು ನನ್ನ ವಾದವಲ್ಲ. ಬದಲಿ ಎಣ್ಣೆಗಳ ವಿಷಯದಲ್ಲಿ ದರ, ನೇರ ಪೈಪೋಟಿಯ ಸರಕಿನ ವಿಷಯದಲ್ಲಿ ವಿವರಣೆ ನಿರ್ಣಾಯಕ ಎಂಬಷ್ಟೇ ವಿಂಗಡಣೆಯನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಶ್ರೀಲಂಕಾದೊಂದಿಗಿನ 2000ದ ಮುಕ್ತ ವ್ಯಾಪಾರ ಒಪ್ಪಂದದಂಥವುಗಳಲ್ಲಿ ಮೂಲದೇಶದ ಪ್ರಮಾಣಪತ್ರ ಮೂರನೆಯ ಬಾಗಿಲಾಗುತ್ತದೆ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಮೂಲದೇಶದ ನಿಯಮಗಳು ಅದನ್ನು ಎಷ್ಟು ಬಿಗಿಗೊಳಿಸಿವೆ ಎಂಬುದಕ್ಕೆ ಪ್ರತ್ಯೇಕ ಅಧ್ಯಯನವೇ ಬೇಕು.

ಬಿಸಿಲಲ್ಲಿ ಒಣಗಿದ ಹೋಳು ಕೊಬ್ಬರಿಯ ಪ್ರಶ್ನೆಯನ್ನು ಈ ಲೇಖನ ಬಗೆಹರಿಸಿಲ್ಲ. ಅದಕ್ಕೆ ತೇವಾಂಶ ಮತ್ತು ಆಹಾರಯೋಗ್ಯತೆಯ ಪ್ರಮಾಣಗಳನ್ನು ಬಲ್ಲ ರಸಾಯನ ವಿಜ್ಞಾನಿಗಳ ಸಹಾಯ ಬೇಕು. ಉಂಡೆಯ ವಿಷಯದಲ್ಲಿ ಮಾತ್ರ ಪರಿಹಾರ ಕಷ್ಟದ್ದಲ್ಲ. ಸಮನ್ವಿತ ಪದ್ಧತಿಯ ಮೊದಲ ಆರು ಅಂಕಿಗಳನ್ನು ಮುಟ್ಟದೆ, ಕೊನೆಯ ಎರಡು ಅಂಕಿಗಳಲ್ಲಿ ಹೊಸ ಸಾಲು ತೆರೆಯುವ ಅಧಿಕಾರ ಸಂಸತ್ತಿಗಿದೆ. 2025ರ ಬಜೆಟ್‌ನಲ್ಲಿ ಬಿಹಾರದ ಮಖಾನಾಕ್ಕೆ ಹಾಗೆಯೇ ಪ್ರತ್ಯೇಕ ಸಾಲುಗಳು ಸಿಕ್ಕವು. ತಿಪಟೂರು ಸೀಮೆಯ ಜನಪ್ರತಿನಿಧಿಗಳು, ತೆಂಗು ಅಭಿವೃದ್ಧಿ ಮಂಡಳಿ ಮತ್ತು ಬೆಳೆಗಾರರ ಸಂಘಟನೆಗಳು ಮುಂದಿನ ಬಜೆಟ್ ಪೂರ್ವದ ಮನವಿಯಲ್ಲಿ ದರ ಏರಿಸಿ ಎಂದು ಕೇಳುವ ಮೊದಲು, 0801ರ ಅಡಿಯಲ್ಲಿ ತಿನ್ನುವ ಇಡಿ ಉಂಡೆ ಕೊಬ್ಬರಿಗೆ ಪ್ರತ್ಯೇಕ ಎಂಟಂಕಿಯ ಸಾಲನ್ನೂ, ಆ ಸಾಲಿಗೆ ಕನಿಷ್ಠ ಆಮದು ಬೆಲೆಯನ್ನೂ ಕೇಳಬೇಕು.